ಬಾಡಿಗೆ ಲೇಟಾದ್ರೆ ಓನರ್ ದಂಡ ಹಾಕ್ಬಹುದಾ?

ಎಲ್ರಿಗೂ ನಮಸ್ಕಾರ. ಮಾತು ಶುರು ಮಾಡೋಕೆ ಮುಂಚೆ ಒಂದು ಕಾಗದ ಓದ್ತೀನಿ, ಸ್ವಲ್ಪ ಕಿವಿಗೊಟ್ಟು ಕೇಳಿ.

"ಬಾಡಿಗೆದಾರರು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬಾಡಿಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ದಿನವೊಂದಕ್ಕೆ 200 ರೂಪಾಯಿಯಂತೆ ದಂಡವನ್ನು ಯಾವುದೇ ತಕರಾರಿಲ್ಲದೆ ಪಾವತಿಸತಕ್ಕದ್ದು."

ಇದು ಒಂದು ಬಾಡಿಗೆ ಅಗ್ರಿಮೆಂಟಿನ 9ನೇ ಷರತ್ತು. ಇದನ್ನ ಹಿಡ್ಕೊಂಡು ಒಬ್ರು ಹೆಣ್ಮಗಳು ನನ್ನ ಹತ್ರ ಬಂದಿದ್ರು. ತಿಂಗಳ ಬಾಡಿಗೆ 10,000. ಅವ್ರು ಕೆಲ್ಸ ಮಾಡೋ ಕಡೆ ಮೂರು ತಿಂಗಳು ಸಂಬಳ ಲೇಟಾಯ್ತು, ಹಾಗಾಗಿ ಆ ಮೂರು ತಿಂಗಳೂ ಬಾಡಿಗೆ ಕಟ್ಟಿದ್ದು 25ನೇ ತಾರೀಖು. ಕಟ್ದೇ ಇರ್ಲಿಲ್ಲ, ಪೂರ್ತಿ ಕಟ್ಟಿದ್ದಾರೆ, 20 ದಿನ ತಡವಾಗಿ ಅಷ್ಟೇ. ಆಗ ಓನರ್ ಏನೂ ಅನ್ಲಿಲ್ವಂತೆ, ದುಡ್ಡು ತಗೊಂಡು ಸುಮ್ನಾದ್ರು. ಮನೆ ಖಾಲಿ ಮಾಡೋ ದಿನ ಅಡ್ವಾನ್ಸ್ ವಾಪಸ್ ಕೇಳಿದಾಗ ಒಂದು ಚೀಟಿ ಕೊಟ್ರಂತೆ, ದಿನಕ್ಕೆ 200, ತಿಂಗಳಿಗೆ 20 ದಿನ, ಮೂರು ತಿಂಗಳು, ಒಟ್ಟು 12,000 ಕಟ್. ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ! ಅವ್ರು ನನ್ನ ಕೇಳಿದ ಮೊದಲ್ನೇ ಮಾತು ಇದು: "ಮೇಡಂ, ನಾನು ಸೈನ್ ಹಾಕ್ಬಿಟ್ಟಿದೀನಿ, ಇನ್ನೇನು ಮಾಡೋಕಾಗುತ್ತೆ?"

ಇವತ್ತು ನಾನು ಹೇಳ್ಬೇಕಾಗಿರೋದೆಲ್ಲಾ ಆ ಒಂದು ಪ್ರಶ್ನೆಗೆ ಉತ್ರ. ಸೈನ್ ಹಾಕಿದ್ರೆ ಮುಗೀತು ಅಂತ ನಮ್ಮಲ್ಲಿ ಬಹಳ ಜನ ಅನ್ಕೊಂಡಿದ್ದಾರೆ, ಓನರ್‌ಗಳೂ ಹಾಗೇ ಅನ್ಕೊಂಡಿದ್ದಾರೆ, ಅಗ್ರಿಮೆಂಟ್ ಟೈಪ್ ಮಾಡಿಕೊಡೋರಂತೂ ಹಳೇ ಫಾರ್ಮ್ಯಾಟಲ್ಲಿ ಇರೋದನ್ನ ಹಾಗೇ ಇಳಿಸಿಬಿಡ್ತಾರೆ. ಆದ್ರೆ ಕಾನೂನು ಹಾಗಿಲ್ಲ. ಬಾಡಿಗೆ ತಡ ಆದ್ರೆ ಓನರ್‌ಗೆ ಆದ ನಷ್ಟ ತುಂಬಿಸ್ಕೊಳ್ಳೋ ಹಕ್ಕು ಅವ್ರಿಗಿದೆ, ಆದ್ರೆ ಬಾಡಿಗೆದಾರನಿಗೆ ಶಿಕ್ಷೆ ಕೊಡೋ ಹಕ್ಕು ಇಲ್ಲ. ನಷ್ಟ ಬೇರೆ, ಶಿಕ್ಷೆ ಬೇರೆ. ಕಾಗದದಲ್ಲಿ ಅದಕ್ಕೆ ಲೇಟ್ ಫೀ ಅಂತ ಬರೀಲಿ, ದಂಡ ಅಂತ ಬರೀಲಿ, ಪರಿಹಾರ ಅಂತ ಬರೀಲಿ, ಕೋರ್ಟ್ ನೋಡೋದು ಹೆಸ್ರನ್ನಲ್ಲ, ಅದು ಯಾವ ಕೆಲ್ಸ ಮಾಡ್ತಿದೆ ಅನ್ನೋದನ್ನ.

ಇದು ಯಾರೋ ಬಾಡಿಗೆದಾರರ ಪರವಾಗಿ ಈಚೆಗೆ ಹುಟ್ಟಿಸಿದ ಮಾತಲ್ಲ, ಹಳೇದು. ಇಂಗ್ಲೆಂಡಲ್ಲಿ ಒಂದು ಕಾಲದಲ್ಲಿ ಸಾಲ ತಗೊಳ್ಳೋನು ಒಂದು ಬಾಂಡ್ ಬರ್ಕೊಡ್ಬೇಕಿತ್ತು, ಹೇಳಿದ ದಿನ ದುಡ್ಡು ಕೊಡದಿದ್ರೆ ಅದರ ಎರಡರಷ್ಟು ಕೊಡ್ತೀನಿ ಅಂತ. ಒಂದು ದಿನ ತಡ ಆದ್ರೂ ಎರಡರಷ್ಟು. ಮಾಮೂಲಿ ಕೋರ್ಟುಗಳು ಬರೆದಿರೋದನ್ನ ನೋಡಿ ಹಾಗೇ ತೀರ್ಪು ಕೊಡ್ತಿದ್ವು. ಈಕ್ವಿಟಿ ಕೋರ್ಟುಗಳು, ಅಂದ್ರೆ ಬರೆದ ಮಾತಿಗಿಂತ ನ್ಯಾಯ ಯಾವುದು ಅಂತ ನೋಡೋ ಕೋರ್ಟುಗಳು, ಇದಕ್ಕೆ ತಡೆ ಹಾಕಿದ್ವು, 17ನೇ ಶತಮಾನದ ಹೊತ್ತಿಗೆ ಅಸಲು, ಬಡ್ಡಿ, ಖರ್ಚು ಇಷ್ಟು ಕೊಟ್ರೆ ಸಾಕು, ಆ ಎರಡರಷ್ಟು ಅನ್ನೋದು ಬರೀ ಹೆದರ್ಸೋಕೆ ಬರೆದಿದ್ದು ಅಂತ ಬಿಡಿಸ್ತಿದ್ವು. ಅಸಲು, ಬಡ್ಡಿ, ಖರ್ಚು. ಈ ಮೂರು ಪದ ನೆನಪಿಟ್ಕೊಳ್ಳಿ, ಆಮೇಲೆ ನಮ್ಮ ದೇಶದ ಕಾನೂನಲ್ಲೇ ಮತ್ತೆ ಸಿಗ್ತವೆ.

ಆಮೇಲೆ 1914ರಲ್ಲಿ ಒಂದು ಟೈರ್ ಕೇಸಿನ ತೀರ್ಪು ಬಂತು. ಡನ್‌ಲಪ್ ಕಂಪನಿ ಮತ್ತೆ ನ್ಯೂ ಗ್ಯಾರೇಜ್ ಅನ್ನೋ ಕಂಪನಿ ಮಧ್ಯೆ, ಆಗ ಅಲ್ಲಿನ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯ್ತು. ನಿಗದಿ ಮಾಡಿದ ರೇಟಿಗಿಂತ ಕಡಿಮೆಗೆ ಟೈರ್ ಮಾರಿದ್ರೆ ಒಂದೊಂದು ಟೈರಿಗೆ 5 ಪೌಂಡ್ ಕೊಡ್ಬೇಕು ಅನ್ನೋ ಷರತ್ತು. ಅಲ್ಲಿ ಡನ್‌ಲಪ್ಪೇ ಗೆದ್ದಿದ್ದು, ಷರತ್ತು ಸರಿ ಅಂದ್ರು, ಯಾಕಂದ್ರೆ ರೇಟ್ ಮುರಿಯೋದ್ರಿಂದ ಕಂಪನಿಗೆ ಎಷ್ಟು ನಷ್ಟ ಅಂತ ಲೆಕ್ಕ ಹಾಕೋದು ನಿಜವಾಗ್ಲೂ ಕಷ್ಟ, ಹಾಗಾಗಿ ಮುಂಚೇನೇ ಅಂದಾಜು ಮಾಡಿ ಒಂದು ಮೊತ್ತ ಬರೆದ್ಕೊಂಡಿದ್ದು ತಪ್ಪಲ್ಲ. ಆದ್ರೆ ಆ ತೀರ್ಪಲ್ಲಿ ಲಾರ್ಡ್ ಡನೆಡಿನ್ ಅನ್ನೋ ಜಡ್ಜ್ ಯಾವುದು ದಂಡ ಯಾವುದು ಪ್ರಾಮಾಣಿಕ ಅಂದಾಜು ಅಂತ ಗುರುತಿಸೋಕೆ ಕೆಲವು ಒರೆಗಲ್ಲು ಕೊಟ್ರು, ಅದರಲ್ಲಿ ಒಂದು ನಮ್ಮ ವಿಷಯಕ್ಕೆ ಅಳತೆ ತೆಗೆದು ಹೊಲ್ದಂಗಿದೆ: ತಪ್ಪು ಅಂದ್ರೆ ಬರೀ ದುಡ್ಡು ಕಟ್ಟದೇ ಇರೋದು ಅಷ್ಟೇ ಆಗಿದ್ದು, ಅದಕ್ಕೆ ಕೇಳ್ತಿರೋ ಮೊತ್ತ ಆ ಕಟ್ಟಬೇಕಿದ್ದ ದುಡ್ಡಿಗಿಂತ ಜಾಸ್ತಿ ಇದ್ರೆ ಅದು ದಂಡ. ಯಾಕೆ ಹೀಗಂದ್ರು ಯೋಚ್ನೆ ಮಾಡಿ. ದುಡ್ಡು ತಡವಾಗಿ ಬಂದ್ರೆ ಆಗೋ ನಷ್ಟ ಅಳೆಯೋಕೆ ಯಾವ ಕಷ್ಟಾನೂ ಇಲ್ಲ, ಅದಕ್ಕೆ ಬಡ್ಡಿ ಅನ್ನೋ ಅಳತೆ ಇದೆ.

2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಈ ನಿಯಮಾನ ಸ್ವಲ್ಪ ಸಡಿಲ ಮಾಡ್ತು. ಪಾರ್ಕಿಂಗ್ ಜಾಗದಲ್ಲಿ 2 ಗಂಟೆ ಮೀರಿ ಕಾರ್ ನಿಲ್ಸಿದ್ದಕ್ಕೆ 85 ಪೌಂಡ್ ಹಾಕಿದ್ದು ಸರಿ ಅಂತು. ಬರೀ ನಷ್ಟ ಅಲ್ಲ, ಷರತ್ತಿನ ಹಿಂದೆ ನ್ಯಾಯವಾದ ಹಿತಾಸಕ್ತಿ ಇದ್ಯಾ, ಮೊತ್ತ ಅದಕ್ಕೆ ಹೋಲಿಸಿದ್ರೆ ಮಿತಿ ಮೀರಿದ್ಯಾ ಅಂತ ನೋಡ್ಬೇಕು ಅಂದ್ರು. ಇದನ್ನ ಯಾಕೆ ಹೇಳ್ದೆ ಅಂದ್ರೆ ಓನರ್ ಪರ ಇರೋ ಲಾಯರ್ ಇದನ್ನ ಎತ್ತೇ ಎತ್ತುತ್ತಾರೆ, ನೀವೂ ಗೊತ್ತಿಟ್ಕೊಂಡಿರ್ಬೇಕು. ಆದ್ರೆ ಮನೆ ಬಾಡಿಗೆ ವಿಷಯದಲ್ಲಿ ಇಂಗ್ಲೆಂಡ್ ಏನು ಮಾಡ್ತು ಅಂತ ಆಮೇಲೆ ಹೇಳ್ತೀನಿ, ಅಲ್ಲಿ ಜಡ್ಜ್‌ಗಳ ವಿವೇಚನೆಗೆ ಬಿಡದೆ ಪಾರ್ಲಿಮೆಂಟೇ ಸಂಖ್ಯೆ ಬರೆದಿಟ್ಟಿದೆ.

ಈಗ ನಮ್ಮ ದೇಶದ ಕಾನೂನಿಗೆ ಬರೋಣ. 1872ರ ಇಂಡಿಯನ್ ಕಾಂಟ್ರಾಕ್ಟ್ ಆ್ಯಕ್ಟ್, ಸೆಕ್ಷನ್ 74. ಅಗ್ರಿಮೆಂಟಲ್ಲಿ ತಪ್ಪಿದ್ರೆ ಇಷ್ಟು ಕೊಡ್ಬೇಕು ಅಂತ ಮೊತ್ತ ಬರೆದಿದ್ರೆ, ಅಥವಾ ದಂಡದ ಥರ ಇನ್ನೇನಾದ್ರೂ ಷರತ್ತಿದ್ರೆ, ನೊಂದವರಿಗೆ ಸಿಗೋದು ಆ ಮೊತ್ತ ಅಲ್ಲ. ಸಿಗೋದು ನ್ಯಾಯವಾದ ಪರಿಹಾರ, ಆ ಬರೆದ ಮೊತ್ತಕ್ಕಿಂತ ಜಾಸ್ತಿ ಆಗದ ಹಾಗೆ. ಅಂದ್ರೆ 9ನೇ ಷರತ್ತಲ್ಲಿರೋ ದಿನಕ್ಕೆ 200 ಅನ್ನೋದು ಚಾವಣಿ, ನೆಲ ಅಲ್ಲ. ಅದಕ್ಕಿಂತ ಮೇಲೆ ಹೋಗೋ ಹಾಗಿಲ್ಲ, ಆದ್ರೆ ಅದರ ಕೆಳಗೆ ಎಲ್ಲಿ ಬೇಕಾದ್ರೂ ನಿಲ್ಲಬಹುದು. ಅದೇ ಸೆಕ್ಷನ್ನಿಗೆ ಒಂದು ವಿವರಣೆ ಇದೆ, 1899ರ ತಿದ್ದುಪಡಿಲಿ ಬಂದಿದ್ದು: ಕಟ್ಟೋದು ತಪ್ಪಿದ ದಿನದಿಂದ ಜಾಸ್ತಿ ಬಡ್ಡಿ ಕೊಡ್ಬೇಕು ಅನ್ನೋ ಷರತ್ತೂ ದಂಡದ ಷರತ್ತು ಆಗಬಹುದು. ಹಾಗಾಗಿ "ನಾವು ದಂಡ ಹಾಕಿಲ್ಲ ರೀ, ಬಡ್ಡಿ ಹಾಕಿದೀವಿ" ಅಂತ ತಪ್ಪಿಸ್ಕೊಳ್ಳೋಕೂ ಬರಲ್ಲ, ಬಡ್ಡಿ ಎಷ್ಟು ಅನ್ನೋದನ್ನೂ ನೋಡ್ತಾರೆ.

ಇಲ್ಲೇ ಲೆಕ್ಕ ಹಾಕಿಬಿಡೋಣ, ಯಾರಾದ್ರೂ ಫೋನ್ ತೆಗೀರಿ. 10,000 ರೂಪಾಯಿಗೆ ದಿನಕ್ಕೆ 200 ಅಂದ್ರೆ ದಿನಕ್ಕೆ ಶೇಕಡ 2. ವರ್ಷಕ್ಕೆ 365 ದಿನ. ಶೇಕಡ 730 ಬಡ್ಡಿ ಆಯ್ತು. ಯಾವ ಬ್ಯಾಂಕೂ ಇಷ್ಟು ಹಾಕಲ್ಲ. ಈಗ ಅದೇ 10,000ಕ್ಕೆ ವರ್ಷಕ್ಕೆ ಶೇಕಡ 18 ಅಂತ ಇಟ್ಕೊಳ್ಳಿ, ಅದೇ ಕಡಿಮೆ ಏನಲ್ಲ. 20 ದಿನಕ್ಕೆ ಎಷ್ಟು ಬರುತ್ತೆ? 98 ರೂಪಾಯಿ 63 ಪೈಸೆ. ಮೂರು ತಿಂಗಳಿಗೆ ಸೇರಿ ಸುಮಾರು 296 ರೂಪಾಯಿ. ಓನರ್ ಚೀಟಿಲಿ ಬರೆದಿದ್ದು 12,000. ಆ ಹೆಣ್ಮಗಳ ಮುಂದೆ ನಾನು ಈ ಲೆಕ್ಕ ಹಾಕಿ ತೋರಿಸ್ದಾಗ ಅವ್ರು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ ಆ ಚೀಟಿನ ತಿರುಗಿಸಿ ಹಿಂಭಾಗದಲ್ಲಿ 296 ಅಂತ ತಾವೇ ಬರ್ಕೊಂಡ್ರು.

ಸೆಕ್ಷನ್ 74ರಲ್ಲಿ ಒಂದು ಮಾತಿದೆ, ನಿಜವಾದ ನಷ್ಟ ಸಾಬೀತಾಗ್ಲಿ ಬಿಡ್ಲಿ ಪರಿಹಾರ ಸಿಗುತ್ತೆ ಅಂತ. ಓನರ್ ಕಡೆಯವರು ಇದನ್ನೇ ಹಿಡ್ಕೊಳ್ತಾರೆ, ನೋಡಿ ನಾವು ಏನೂ ಸಾಬೀತು ಮಾಡ್ಬೇಕಾಗಿಲ್ಲ ಅಂತ. 1963ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಫತೇ ಚಂದ್ ಕೇಸಲ್ಲಿ ಇದಕ್ಕೆ ಉತ್ರ ಕೊಟ್ಟಿದೆ. ಅದು ಆಸ್ತಿ ಮಾರಾಟದ ಜಗಳ, ಕೊಳ್ಳೋನು 1,000 ರೂಪಾಯಿ ಮುಂಗಡ ಕೊಟ್ಟಿದ್ದ, ಆಮೇಲೆ 24,000 ಕೊಟ್ಟಿದ್ದ, ವ್ಯವಹಾರ ಮುರಿದ್ರೆ ಎರಡೂ ಹೋಯ್ತು ಅಂತ ಅಗ್ರಿಮೆಂಟ್ ಇತ್ತು. 1,000 ಇಟ್ಕೊಳ್ಳಿ, 24,000 ಮಾತ್ರ ದಂಡದ ಥರ ಇದೆ, ಅದನ್ನ ಹಾಗೇ ಇಟ್ಕೊಳ್ಳೋಕಾಗಲ್ಲ ಅಂತು ಕೋರ್ಟ್. ಮಧ್ಯದಲ್ಲಿ 2003ರ ಸಾ ಪೈಪ್ಸ್ ಕೇಸಲ್ಲಿ, ಎರಡೂ ಕಡೆಯವರು ಪ್ರಾಮಾಣಿಕವಾಗಿ ನಷ್ಟ ಅಂದಾಜು ಮಾಡಿ ಬರೆದಿದ್ರೆ ನಷ್ಟದ ಸಾಕ್ಷಿ ಬೇಕೇ ಬೇಕು ಅಂತೇನಿಲ್ಲ ಅನ್ನೋ ಕಡೆಗೆ ವಾಲಿತು. 2015ರಲ್ಲಿ ಕೈಲಾಶ್ ನಾಥ್ ಕೇಸಲ್ಲಿ ಹಿಂದಿನದೆಲ್ಲಾ ಕೂಡಿಸಿ ಬಿಡಿಸಿ ಹೇಳಿದ್ರು: ನಷ್ಟ ಅನ್ನೋದು ಆಗಿರ್ಲೇಬೇಕು, ನಷ್ಟಾನೇ ಇಲ್ದೆ ಪರಿಹಾರ ಇಲ್ಲ, ಸಾಬೀತು ಮಾಡೋದು ಕಷ್ಟ ಅಥವಾ ಅಸಾಧ್ಯ ಆದ ಕಡೆ ಮಾತ್ರ ಬರೆದ ಮೊತ್ತಾನ, ಅದು ಪ್ರಾಮಾಣಿಕ ಅಂದಾಜಾಗಿದ್ರೆ, ಒಪ್ಪಬಹುದು. ಈಗ ನೀವೇ ಹೇಳಿ, 20 ದಿನ ಬಾಡಿಗೆ ಲೇಟಾದ್ರೆ ಆಗೋ ನಷ್ಟ ಸಾಬೀತು ಮಾಡೋದು ಕಷ್ಟಾನಾ? ಫೋನಲ್ಲಿರೋ ಕ್ಯಾಲ್ಕ್ಯುಲೇಟರ್ ಸಾಕಲ್ವಾ?

ನನಗೆ ಇದಕ್ಕಿಂತ ಇಷ್ಟವಾದ ಸೆಕ್ಷನ್ ಇನ್ನೊಂದಿದೆ, ಯಾರೂ ಜಾಸ್ತಿ ಮಾತಾಡಲ್ಲ ಅದರ ಬಗ್ಗೆ. 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆ್ಯಕ್ಟ್, ಸೆಕ್ಷನ್ 114. ಬಾಡಿಗೆ ಕಟ್ಟಿಲ್ಲ ಅಂತ ಲೀಸ್ ಮುರಿದು, ಓನರ್ ಮನೆ ಬಿಡಿಸೋಕೆ ಕೇಸ್ ಹಾಕಿದ್ದಾರೆ ಅಂದ್ಕೊಳ್ಳಿ, ಅಂದ್ರೆ ವಿಷಯ ತೀರಾ ಕೊನೇ ಹಂತಕ್ಕೆ ಬಂದಿದೆ. ಆಗ್ಲೂ ಬಾಡಿಗೆದಾರ ವಿಚಾರಣೆ ದಿನ ಬಾಕಿ ಬಾಡಿಗೆ, ಅದರ ಬಡ್ಡಿ, ಕೇಸಿನ ಪೂರ್ತಿ ಖರ್ಚು ಇಷ್ಟನ್ನ ಮುಂದಿಟ್ರೆ, ಇಲ್ಲಾಂದ್ರೆ 15 ದಿನದಲ್ಲಿ ಕಟ್ತೀನಿ ಅಂತ ಕೋರ್ಟಿಗೆ ಸಾಕೆನಿಸೋ ಭದ್ರತೆ ಕೊಟ್ರೆ, ಕೋರ್ಟ್ ಅವನನ್ನ ಮನೇಲಿ ಮುಂದುವರಿಸಬಹುದು. ಗಮನಿಸಿದ್ರಾ? ಅಸಲು, ಬಡ್ಡಿ, ಖರ್ಚು. ಅದೇ ಮೂರು. ಮನೆ ಕೈತಪ್ಪೋ ಹಂತದಲ್ಲೂ ಕಾನೂನು ಕೇಳೋದು ಇಷ್ಟನ್ನೇ, ನಾಲ್ಕನೇದಾಗಿ ದಂಡ ಅಂತ ಒಂದು ಪದ ಅಲ್ಲಿಲ್ಲ. ಹಾಗಿರುವಾಗ ಮಾಮೂಲಿ ಹತ್ತಿಪ್ಪತ್ತು ದಿನದ ತಡಕ್ಕೆ ಓನರ್ ಅದಕ್ಕಿಂತ ಜಾಸ್ತಿ ಹೇಗೆ ಕೇಳ್ತಾರೆ?

ಇನ್ನು ಅಗ್ರಿಮೆಂಟಲ್ಲಿ ಲೇಟ್ ಫೀ ಅನ್ನೋ ಮಾತೇ ಇಲ್ಲ, ಆದ್ರೆ ತಡ ಆದ ದಿನ ಓನರ್ ಮೆಸೇಜ್ ಮಾಡಿ ನಾಳೆಯಿಂದ ದಿನಕ್ಕೆ ಇಷ್ಟು ಅಂತ ಹೇಳಿದ್ರೆ? ಅದು ನಿಲ್ಲಲ್ಲ. ಒಬ್ರೇ ಕೂತು ಹೊಸ ಷರತ್ತು ಮಾಡೋಕಾಗಲ್ಲ. 1978ರ ಇಂಟರೆಸ್ಟ್ ಆ್ಯಕ್ಟ್ ಪ್ರಕಾರ ಕೋರ್ಟ್ ಚಾಲ್ತಿ ದರಕ್ಕೆ ಮೀರದ ಬಡ್ಡಿ ಕೊಡಿಸಬಹುದು, ಕೊಡೋ ದಿನಾಂಕ ಕಾಗದದಲ್ಲಿ ಬರೆದಿದ್ರೆ ಆ ದಿನದಿಂದ, ಇಲ್ಲಾಂದ್ರೆ ಬಡ್ಡಿ ಕೇಳ್ತೀನಿ ಅಂತ ಲಿಖಿತ ನೋಟಿಸ್ ಕೊಟ್ಟ ದಿನದಿಂದ. ಕೆಲವು ಬಾಡಿಗೆ ಕಾನೂನುಗಳಲ್ಲಿ ದರಾನೇ ಬರೆದಿದ್ದಾರೆ, 1958ರ ದಿಲ್ಲಿ ರೆಂಟ್ ಕಂಟ್ರೋಲ್ ಆ್ಯಕ್ಟ್ ಅನ್ವಯ ಆಗೋ ಮನೆಗಳಿಗೆ ಬಾಕಿ ಬಾಡಿಗೆ ಮೇಲೆ ವರ್ಷಕ್ಕೆ ಶೇಕಡ 15 ಸರಳ ಬಡ್ಡಿ.

ಬೇರೆ ದೇಶಗಳಲ್ಲಿ ಹೇಗಿದೆ ಅಂತಾನೂ ಹೇಳ್ತೀನಿ. ಜರ್ಮನಿ ಬಹಳ ನೇರ. ಅವರ ಸಿವಿಲ್ ಕೋಡ್‌ನ 555ನೇ ಸೆಕ್ಷನ್ ಒಂದೇ ಒಂದು ವಾಕ್ಯ: ವಾಸದ ಮನೆ ವಿಷಯದಲ್ಲಿ ಓನರ್ ಬಾಡಿಗೆದಾರನಿಂದ ದಂಡ ಬರ್ಸ್ಕೊಂಡಿದ್ರೆ ಅದು ಊರ್ಜಿತ ಅಲ್ಲ. ತಡ ಆದ್ರೆ ಬಡ್ಡಿ, ಬೇಸ್ ರೇಟ್ ಅನ್ನೋ ಮೂಲ ಬಡ್ಡಿ ದರದ ಮೇಲೆ 5 ಪರ್ಸೆಂಟೇಜ್ ಪಾಯಿಂಟ್. ಫ್ರಾನ್ಸಲ್ಲಿ 1989ರ ಜುಲೈ 6ರ ಬಾಡಿಗೆ ಕಾನೂನು, ಓನರ್ ದಂಡ ವಸೂಲಿ ಮಾಡಬಹುದು ಅಂತ ಅಗ್ರಿಮೆಂಟಲ್ಲಿ ಬರೆದಿದ್ರೆ ಅದನ್ನ ಬರೆದೇ ಇಲ್ಲ ಅಂತ ಲೆಕ್ಕ ಹಾಕಿ ಅನ್ನುತ್ತೆ. ಕಾಗದದಲ್ಲಿ ಕಣ್ಣಿಗೆ ಕಾಣುತ್ತೆ, ಕಾನೂನಿನ ಕಣ್ಣಿಗೆ ಕಾಣಲ್ಲ. ಕೆನಡಾದ ಒಂಟಾರಿಯೋದಲ್ಲಿ ಲೇಟ್ ಫೀ ಇಲ್ವೇ ಇಲ್ಲ, ಚೆಕ್ ಬೌನ್ಸ್ ಆದ್ರೆ ಬ್ಯಾಂಕ್ ಹಾಕಿದ ಚಾರ್ಜು, ಜೊತೆಗೆ ಓಡಾಟದ ಖರ್ಚಿಗೆ ಅಂತ 20 ಡಾಲರ್ ತನಕ ಕೇಳಬಹುದು ಅಷ್ಟೇ. ಅದೇ ದೇಶದ ಬ್ರಿಟಿಷ್ ಕೊಲಂಬಿಯಾದಲ್ಲಿ ಅಗ್ರಿಮೆಂಟಲ್ಲಿ ಬರೆದಿದ್ರೆ 25 ಡಾಲರ್ ತನಕ.

ಇಂಗ್ಲೆಂಡ್ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ. 2019ರ ಟೆನೆಂಟ್ ಫೀಸ್ ಆ್ಯಕ್ಟ್. ಬಾಡಿಗೆ 14 ದಿನ ಆದ್ರೂ ತಡ ಆಗಿರ್ಬೇಕು, ಅದಕ್ಕೆ ಮುಂಚೆ ಒಂದು ಪೆನ್ನಿ ಕೇಳೋ ಹಾಗಿಲ್ಲ. ಆಮೇಲೂ ಕೇಳೋಕಾಗೋದು ಬ್ಯಾಂಕ್ ಆಫ್ ಇಂಗ್ಲೆಂಡ್ ಬೇಸ್ ರೇಟಿಗಿಂತ ಶೇಕಡ 3 ಜಾಸ್ತಿ ಬಡ್ಡಿ, ಅದೂ ಅಗ್ರಿಮೆಂಟಲ್ಲಿ ಬರೆದಿದ್ರೆ. ಇದನ್ನ ಮೀರಿ ವಸೂಲಿ ಮಾಡಿದ ಓನರ್‌ಗೆ ಮೊದಲ್ನೇ ಸಲ 5,000 ಪೌಂಡ್ ತನಕ ದಂಡ ಬೀಳಬಹುದು. ಅಲ್ಲಿ ದಂಡ ಹಾಕೋ ಅಧಿಕಾರ ಸರ್ಕಾರದ ಕಡೆ ಇದೆ, ಓನರ್ ಕೈಲಿಲ್ಲ.

ಅಮೆರಿಕದಲ್ಲಿ ರಾಜ್ಯಕ್ಕೊಂದು ಥರ. ನ್ಯೂಯಾರ್ಕಲ್ಲಿ 2019ರಿಂದ 5 ದಿನ ಕಳೆದ ಮೇಲೆ 50 ಡಾಲರ್ ಅಥವಾ ಬಾಡಿಗೆಯ ಶೇಕಡ 5, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೇನ್ ರಾಜ್ಯದಲ್ಲಿ 15 ದಿನ ಆದ್ಮೇಲೆ ಶೇಕಡ 4. ಮ್ಯಾಸಚೂಸೆಟ್ಸಲ್ಲಿ 30 ದಿನ ಕಾಯ್ಬೇಕು. ಟೆಕ್ಸಾಸ್ ಓನರ್ ಕಡೆ ಸ್ವಲ್ಪ ವಾಲಿದೆ, ಪೂರ್ತಿ 2 ದಿನ ಕಳೆದ್ರೆ ಸಾಕು, ಚಿಕ್ಕ ಕಟ್ಟಡಗಳಿಗೆ ಶೇಕಡ 12 ತನಕ, ನಾಲ್ಕಕ್ಕಿಂತ ಜಾಸ್ತಿ ಮನೆ ಇರೋ ಕಟ್ಟಡಗಳಿಗೆ ಶೇಕಡ 10 ತನಕ ಸಮಂಜಸ ಅಂತ ಒಪ್ಪುತ್ತೆ. ನನ್ನ ಪ್ರಕಾರ ಇದು ಜಾಸ್ತಿನೇ. ಆದ್ರೂ ಟೆಕ್ಸಾಸ್‌ನ ಶೇಕಡ 12 ನಮ್ಮ ಲೆಕ್ಕಕ್ಕೆ ಹಾಕಿದ್ರೆ ತಿಂಗಳಿಗೆ 1,200 ಆಗುತ್ತೆ, 9ನೇ ಷರತ್ತು ಕೇಳಿದ್ದು 4,000.

ಕ್ಯಾಲಿಫೋರ್ನಿಯಾದ ಒಂದು ಕೇಸ್ ಮಾತ್ರ ಬಿಡಿಸಿ ಹೇಳ್ಬೇಕು. 2004ರ ಒರೋಜ್ಕೋ ವರ್ಸಸ್ ಕಾಸಿಮಿರೋ. ಅಲ್ಲಿನ ಸಿವಿಲ್ ಕೋಡ್ 1671ನೇ ಸೆಕ್ಷನ್ ಏನನ್ನುತ್ತೆ ಅಂದ್ರೆ, ವಾಸದ ಮನೆ ಅಗ್ರಿಮೆಂಟಲ್ಲಿ ಮುಂಚೆನೇ ಬರೆದಿಟ್ಟ ಪರಿಹಾರದ ಮೊತ್ತ ಊರ್ಜಿತ ಅಲ್ಲ, ನಿಜವಾದ ನಷ್ಟ ಲೆಕ್ಕ ಹಾಕೋದು ಆಗದ ಮಾತು ಅಥವಾ ತೀರಾ ಕಷ್ಟ ಅಂತಿದ್ರೆ ಮಾತ್ರ ಪರವಾಗಿಲ್ಲ. ಆ ಓನರ್ ಕೇಳಿದ್ದು 50 ಡಾಲರ್, ದೊಡ್ಡ ಮೊತ್ತ ಅಲ್ಲ. ಆದ್ರೂ ಬಿತ್ತು ಆ ಷರತ್ತು. ಯಾಕಂದ್ರೆ ಲೆಕ್ಕ ಹಾಕೋದು ಕಷ್ಟ ಅಂತ ಓನರ್ ತೋರಿಸ್ಲಿಲ್ಲ. ಮೊತ್ತ ಚಿಕ್ಕದಾ ದೊಡ್ಡದಾ ಅನ್ನೋದು ಅಲ್ಲಿ ಎರಡನೇ ಮಾತು, ಆ ಮೊತ್ತ ಎಲ್ಲಿಂದ ಬಂತು ಅನ್ನೋದು ಮೊದಲ್ನೇ ಮಾತು. ನಾನು ಯಾರ ಅಗ್ರಿಮೆಂಟ್ ನೋಡಿದ್ರೂ ಈಗ ಕೇಳೋ ಮೊದಲ್ನೇ ಪ್ರಶ್ನೆ ಅದೇ, ಈ 200 ಎಲ್ಲಿಂದ ಬಂತು? ಯಾರು ಯಾವತ್ತು ಲೆಕ್ಕ ಹಾಕಿದ್ರು? ಉತ್ರ ಯಾವಾಗ್ಲೂ ಒಂದೇ, ಫಾರ್ಮ್ಯಾಟಲ್ಲಿತ್ತು.

ಓನರ್‌ಗಳ ಕಷ್ಟ ನನಗೆ ಗೊತ್ತಿಲ್ಲ ಅಂತ ಯಾರೂ ತಿಳ್ಕೋಬೇಡಿ. ಇಲ್ಲಿ ಕೂತಿರೋರಲ್ಲಿ ಅರ್ಧ ಜನ ಮನೆ ಬಾಡಿಗೆಗೆ ಕೊಟ್ಟೋರು ಇದೀರಿ. ಬಾಡಿಗೆ ನಂಬ್ಕೊಂಡು ಇಎಂಐ ಕಟ್ಟೋರಿದ್ದಾರೆ, 10ನೇ ತಾರೀಖು ದುಡ್ಡು ಖಾತೆಲಿ ಇಲ್ಲಾಂದ್ರೆ ಬ್ಯಾಂಕ್ ಬೌನ್ಸ್ ಚಾರ್ಜ್ ಹಾಕುತ್ತೆ. ರಿಟೈರ್ ಆಗಿ ಮೇಲಿನ ಮನೆ ಬಾಡಿಗೇಲೇ ಔಷಧಿ ತಗೊಳ್ಳೋ ಹಿರಿಯರಿದ್ದಾರೆ, ತಿಂಗಳು ತಿಂಗಳೂ ಕೆಳಗಿಳಿದು ಬಂದು ಕೇಳೋಕೆ ಅವ್ರಿಗೇ ಸಂಕೋಚ, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅನ್ನೋ ಗಾದೆ ಅವರ ಬಾಯಲ್ಲಿ ಕೇಳಿದಾಗ ನನಗೂ ಬೇಜಾರಾಗಿದೆ. ಆ ನಷ್ಟ ನಿಜ. ಬ್ಯಾಂಕ್ ಹಾಕಿದ ಬೌನ್ಸ್ ಚಾರ್ಜಿನ ಮೆಸೇಜ್ ತೋರಿಸಿ, ಆ ತಡದಿಂದಾನೇ ಆಗಿದ್ದು, ಹೀಗಾಗುತ್ತೆ ಅಂತ ಬಾಡಿಗೆದಾರನಿಗೂ ಮೊದ್ಲೇ ಗೊತ್ತಿತ್ತು ಅಂದ್ರೆ ಅದನ್ನ ಕೇಳೋಕೆ ಗಟ್ಟಿ ಆಧಾರ ಇದೆ. ಬಡ್ಡಿ ಕೇಳಿ. ಬೇಕು ಅಂತಾನೇ ಪ್ರತಿ ತಿಂಗಳೂ ಆಟ ಆಡಿಸೋ ಬಾಡಿಗೆದಾರ ಇದ್ರೆ ನೋಟಿಸ್ ಕೊಡಿ, ಮನೆ ಬಿಡಿಸೋ ದಾರಿ ಕಾನೂನಲ್ಲೇ ಇದೆ. ದಿನಕ್ಕಿಷ್ಟು ಅಂತ ದಂಡ ಬರೆದ್ರೆ ಬೇಕಂತ ಆಟ ಆಡ್ಸೋನಿಗೆ ಏನೂ ಆಗಲ್ಲ, ಅವನು ಹೇಗೂ ಕೊಡಲ್ಲ. ಅದು ಬೀಳೋದು ಸಂಬಳ ತಡವಾದ ಮನೆ ಮೇಲೆ, ಆಸ್ಪತ್ರೆ ಖರ್ಚು ಬಂದ ಮನೆ ಮೇಲೆ. ಕೈಲಿ ಇಲ್ಲ ಅಂತ ತಡ ಮಾಡಿದೋರ ಹತ್ರ ಇನ್ನಷ್ಟು ಕಿತ್ಕೊಂಡ್ರೆ ಮುಂದಿನ ತಿಂಗಳೂ ತಡ ಆಗುತ್ತೆ. ಗಾಯದ ಮೇಲೆ ಬರೆ.

ಈ ಮುಂದಿನ ತಿಂಗಳು ಅನ್ನೋದು ಯಾಕೆ ಮುಖ್ಯ ಅಂದ್ರೆ, ಒಂದು ಲೆಕ್ಕದ ಆಟ ಇದೆ. ಜನವರಿಯಲ್ಲಿ ತಡ ಆಯ್ತು, 2,000 ದಂಡ ಅಂತ ಓನರ್ ಬರ್ಕೊಂಡ್ರು. ಫೆಬ್ರವರಿ 3ಕ್ಕೆ ನೀವು ಪೂರ್ತಿ 10,000 ಕಟ್ಟಿದ್ರಿ, ಸರಿಯಾದ ಸಮಯಕ್ಕೆ. ಓನರ್ ಏನು ಮಾಡ್ತಾರೆ, ಅದರಲ್ಲಿ 2,000 ಹಳೇ ದಂಡಕ್ಕೆ ಮುರ್ಕೊಂಡು ಫೆಬ್ರವರಿ ಬಾಡಿಗೆ 8,000 ಬಂದಿದೆ, 2,000 ಬಾಕಿ ಅಂತ ಮತ್ತೆ ದಿನಕ್ಕೆ 200 ಶುರು ಮಾಡ್ತಾರೆ. ಒಂದು ಸಲ ತಡ ಆಗಿದ್ದು ವರ್ಷ ಪೂರ್ತಿ ಬೆಳೆಯುತ್ತೆ. ಇದಕ್ಕೆ ಕಾಂಟ್ರಾಕ್ಟ್ ಆ್ಯಕ್ಟಿನ 59ನೇ ಸೆಕ್ಷನ್ ಮದ್ದು: ಎರಡು ಮೂರು ಬಾಕಿ ಇದ್ದಾಗ ಈ ದುಡ್ಡು ಇಂಥ ಬಾಕಿಗೇ ಅಂತ ಕೊಡೋನು ಹೇಳಿ ಕೊಟ್ರೆ, ಅದನ್ನ ತಗೊಂಡೋರು ಅದಕ್ಕೇ ಜಮಾ ಮಾಡ್ಬೇಕು. ಏನೂ ಹೇಳದೆ ಕೊಟ್ರೆ 60ನೇ ಸೆಕ್ಷನ್ ಪ್ರಕಾರ ತಗೊಂಡೋರ ಇಷ್ಟ. ಹಾಗಾಗಿ ದುಡ್ಡು ಕಳಿಸುವಾಗ ಆ ರಿಮಾರ್ಕ್ಸ್ ಅಂತ ಒಂದು ಖಾಲಿ ಜಾಗ ಇರುತ್ತಲ್ಲ, ಅಲ್ಲಿ "ಫೆಬ್ರವರಿ ಬಾಡಿಗೆ" ಅಂತ ಎರಡು ಪದ ಟೈಪ್ ಮಾಡಿ. ಇವತ್ತು ಮನೆಗೆ ಹೋದ್ಮೇಲೆ ಬೇರೆ ಎಲ್ಲಾ ಮರೆತ್ರೂ ಇದೊಂದು ಮಾಡಿ ದಯವಿಟ್ಟು. ಕ್ಯಾಶ್ ಕೊಡೋರು ತಿಂಗಳು ಬರೆದ ರಸೀದಿ ತಗೊಳ್ಳಿ.

ಇನ್ನೊಂದು ಥರ ಬರೀತಾರೆ: ಬಾಡಿಗೆ 12,000, ಆದ್ರೆ 5ರೊಳಗೆ ಕಟ್ಟಿದ್ರೆ 2,000 ಡಿಸ್ಕೌಂಟ್. ಓದೋಕೆ ಚೆನ್ನಾಗಿದೆ. ಆ ಮನೆಯ ನಿಜವಾದ ಬಾಡಿಗೆ 10,000 ಅಂತ ಎಲ್ರಿಗೂ ಗೊತ್ತಿದ್ರೆ ಇದು ಡಿಸ್ಕೌಂಟ್ ಹೆಸ್ರಲ್ಲಿ ಬಂದ ದಂಡ ಅಂತ ವಾದ ಮಾಡಬಹುದು, ಸುಲಭದ ವಾದ ಅಂತ ನಾನು ಹೇಳಲ್ಲ. ಸೈನ್ ಹಾಕೋ ಮುಂಚೆ ತೆಗೆಸೋದೇ ವಾಸಿ.

ಮತ್ತೆ ಲೇಟ್ ಫೀ ಕೊಟ್ಟಿಲ್ಲ ಅಂತ ಬೀಗ ಹಾಕೋದು, ನೀರು ನಿಲ್ಸೋದು, ಕರೆಂಟ್ ಕಟ್ ಮಾಡೋದು, ಇದ್ಯಾವುದೂ ಓನರ್ ಕೈಲಿರೋ ಅಸ್ತ್ರ ಅಲ್ಲ. ಬಾಡಿಗೆನೇ ಬಾಕಿ ಇದ್ರೂ ಅಲ್ಲ. ಕಾನೂನು ಪ್ರಕ್ರಿಯೆ ಇಲ್ಲದೆ ಹೊರಗೆ ಹಾಕಿದ್ರೆ 1963ರ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್ ಸೆಕ್ಷನ್ 6ರ ಕೆಳಗೆ ಸ್ವಾಧೀನ ವಾಪಸ್ ಕೇಳಬಹುದು, ಆದ್ರೆ 6 ತಿಂಗಳೊಳಗೆ ಹೋಗ್ಬೇಕು, ಯೋಚ್ನೆ ಮಾಡ್ತಾ ಕೂರಬೇಡಿ.

ಆ ಹೆಣ್ಮಗಳ ಕಥೆ ಏನಾಯ್ತು ಅಂತ ಹೇಳ್ಬೇಕಲ್ಲ. ಕೇಸ್ ಹಾಕ್ಲಿಲ್ಲ ನಾವು. 12,000ಕ್ಕೆ ಕೋರ್ಟ್ ಅಲೆದ್ರೆ ಎಷ್ಟು ದಿನದ ಕೂಲಿ ಹೋಗುತ್ತೆ ಅಂತ ಗೊತ್ತಲ್ಲ, ಬಹಳ ಜನ ಇಲ್ಲೇ ಕೈಬಿಡ್ತಾರೆ, ದಂಡದ ಷರತ್ತು ನಡ್ಕೊಂಡು ಹೋಗೋದೂ ಇದ್ರಿಂದಾನೇ. ಒಂದು ಪುಟದ ಪತ್ರ ಬರೆದ್ವಿ. ಮೂರು ತಿಂಗಳ ಬಾಡಿಗೆ ಯಾವ ದಿನ ಬರಬೇಕಿತ್ತು, ಯಾವ ದಿನ ಬಂತು, ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರತಿ, ಶೇಕಡ 18ರಂತೆ ಬಡ್ಡಿ 296, ಇದನ್ನ ಕೊಡೋಕೆ ಸಿದ್ಧ ಇದೀನಿ, ಇದಕ್ಕಿಂತ ಜಾಸ್ತಿ ನಷ್ಟ ಆಗಿದ್ರೆ ದಯವಿಟ್ಟು ದಾಖಲೆ ತೋರಿಸಿ, ಉಳಿದ ಅಡ್ವಾನ್ಸ್ 15 ದಿನದಲ್ಲಿ ಕೊಡಿ, ಸೆಕ್ಷನ್ 74. ಬೈಗುಳ ಇಲ್ಲ, ಬೆದರಿಕೆ ಇಲ್ಲ. ರಿಜಿಸ್ಟರ್ಡ್ ಪೋಸ್ಟಲ್ಲಿ ಕಳ್ಸಿದ್ವಿ. ಓನರ್ 500 ಮುರ್ಕೊಂಡು 11,500 ವಾಪಸ್ ಹಾಕಿದ್ರು. ಆ 200 ಚಿಲ್ರೆ ವ್ಯತ್ಯಾಸಕ್ಕೆ ಜಗಳ ಬೇಡ ಅಂತ ಆ ಹೆಣ್ಮಗಳೇ ಹೇಳಿದ್ರು. ಎಲ್ರಿಗೂ ಹೀಗೇ ಆಗುತ್ತೆ ಅಂತ ನಾನು ಭರವಸೆ ಕೊಡಲ್ಲ, ಆದ್ರೆ ಲೆಕ್ಕ ಬರೆದ ಕಾಗದಕ್ಕೆ ಒಂದು ತೂಕ ಇರುತ್ತೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿಂದ ಒಬ್ರು ಯಜಮಾನ್ರು ಎದ್ದು ನಿಂತ್ರು. "ಅಮ್ಮಾ, ನೀನು ಹೇಳಿದ್ದೆಲ್ಲಾ ಸರಿ, ನಾನು ಎರಡು ಮನೆ ಬಾಡಿಗೆ ಕೊಟ್ಟಿದೀನಿ, ದಿನಕ್ಕೆ 100 ಅಂತ ನನ್ನ ಅಗ್ರಿಮೆಂಟಲ್ಲೂ ಇದೆ, ನಿಜ ಹೇಳ್ಬೇಕು ಅಂದ್ರೆ ಒಂದು ಸಲಾನೂ ತಗೊಂಡಿಲ್ಲ. ಅದನ್ನ ತೆಗೆದ್ರೆ ಆ ಜಾಗದಲ್ಲಿ ಏನು ಬರೀಲಿ, ಅದನ್ನ ಹೇಳು" ಅಂದ್ರು. ಇಡೀ ಸಂಜೆ ಬಂದ ಪ್ರಶ್ನೆಗಳಲ್ಲಿ ಕೆಲ್ಸಕ್ಕೆ ಬರೋ ಪ್ರಶ್ನೆ ಅದೇ ಅನ್ನಿಸ್ತು ನನಗೆ. ಬರ್ಕೊಳ್ಳಿ ಸರ್ ಅಂತ ನಿಧಾನಕ್ಕೆ ಹೇಳ್ದೆ, ಇಲ್ಲೂ ಹಾಗೇ ಹಾಕಿದೀನಿ:

"ಬಾಡಿಗೆಯನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಕೊಡತಕ್ಕದ್ದು. 12ನೇ ತಾರೀಖಿನವರೆಗೆ ಯಾವುದೇ ಹೆಚ್ಚುವರಿ ಮೊತ್ತ ಇರುವುದಿಲ್ಲ. ಅದಕ್ಕೂ ತಡವಾದಲ್ಲಿ, ಬಾಕಿ ಇರುವ ಬಾಡಿಗೆಯ ಮೇಲೆ ಮಾತ್ರ, ಬಾಕಿ ಇರುವ ದಿನಗಳಿಗೆ ವರ್ಷಕ್ಕೆ ಶೇಕಡ 12ರಂತೆ ಸರಳ ಬಡ್ಡಿ ಕೊಡತಕ್ಕದ್ದು. ತಡದಿಂದಾಗಿ ಮಾಲೀಕರ ಬ್ಯಾಂಕ್ ಯಾವುದಾದರೂ ಶುಲ್ಕ ವಿಧಿಸಿದ್ದಲ್ಲಿ, ಅದರ ದಾಖಲೆ ತೋರಿಸಿದ ಮೇಲೆ ಆ ಶುಲ್ಕವನ್ನು ಕೊಡತಕ್ಕದ್ದು. ಬಂದ ಹಣವನ್ನು ಮೊದಲು ಬಾಡಿಗೆಗೆ, ನಂತರ ಬಡ್ಡಿಗೆ ಜಮಾ ಮಾಡತಕ್ಕದ್ದು."

ಯಜಮಾನ್ರು ಕೈಲಿದ್ದ ಕರಪತ್ರದ ಹಿಂದೆ ಪೂರ್ತಿ ಬರ್ಕೊಂಡ್ರು, ಕನ್ನಡಕ ಮೇಲೆತ್ತಿ ಒಂದು ಸಲ ಜೋರಾಗಿ ಓದಿದ್ರು, ಆಮೇಲೆ 12ನೇ ತಾರೀಖು ಅನ್ನೋದನ್ನ ಹೊಡೆದು 15 ಮಾಡಿದ್ರು. "ಕೆಳಗಿನ ಮನೆ ಹುಡುಗನಿಗೆ ಸಂಬಳ ಬರೋದೇ 14ಕ್ಕೆ" ಅಂದ್ರು.